ನೆಲ ನೋಡುವ ಬಂದೂಕು

ಅಣ್ಣಯ್ಯನಿಗೆ,

ಮಳವಳ್ಳಿಯಿಂದ ನಿನ್ನ ತಮ್ಮ ಮಾದ ಬರೆಯುವುದು. ಕ್ಷೇಮ ಕೇಳುವ ಹಾಗಿಲ್ಲ, ನೀನು ತೀರಿಹೋಗಿ ಎಂಟು ತಿಂಗಳಾಯಿತು. ವಿಷಯಕ್ಕೇ ಬರುತ್ತೇನೆ.

ಹೋದ ವರ್ಷ, ಯುದ್ಧದಿಂದ ಮರಳಿದ ನಿಮ್ಮಂಥ ಸಿಪಾಯಿಗಳ ಮೆರವಣಿಗೆಗೆಂದು ಮಂಡ್ಯದಲ್ಲಿ ಸಭೆ ಸೇರಿದ್ದು ನೆನಪಿದೆಯಲ್ಲ? ಪೊಲೀಸ್ ಠಾಣೆಯಿಂದ ಬಂದೂಕು ತರಿಸಿ ನಿಮ್ಮ ಹೆಗಲಿಗೆ ಕೊಡಬೇಕೆಂದು ಎಲ್ಲರೂ ಒಪ್ಪಿದ್ದರು. ಎದ್ದು ನಿಂತು ಬೇಡವೆಂದವನು ಖಾದಿ ತೊಟ್ಟ ನಾನೊಬ್ಬನೇ. ಜನರನ್ನು ಕೊಲ್ಲುವ ವಸ್ತುವನ್ನು ಮಕ್ಕಳ ಮುಂದೆ ಮೆರೆಸುವುದು ಯಾವ ಸೀಮೆಯ ಗೌರವ ಎಂದು ಮೇಷ್ಟ್ರ ಗತ್ತಿನಲ್ಲಿ ಅರ್ಧ ಗಂಟೆ ಕೊರೆದೆ. ಅವರಿಗೆ ಸಾಕಾಗಿ ಹೋಗಿ ಹೂಂ ಅಂದರು. ಬಾಗಿಲ ಬಳಿ ನೀನು ನನ್ನ ತೋಳು ಹಿಡಿದೆ.

"ಲೋ ಮಾದಾ, ನಂಗೊಂದ್ ಬಂದೂಕ ಕೊಡ್ಸ್ಲಾ. ಗುಂಡು ಬ್ಯಾಡ ಕಣ್ಲಾ, ಬರೀದೇ ಸಾಕು."

"ಇನ್ನೂ ಎಂಥಾ ಸೋಕಿ ಅಣ್ಣಯ್ಯ ನಿಂಗೆ?" ಅಂದುಬಿಟ್ಟೆ ನಾನು.

ನೀನು ಏನೋ ಹೇಳಲು ಬಾಯಿ ತೆರೆದೆ. ಆಮೇಲೆ, "ಓಗ್ಲಿ ಬುಡು."

ಮೆರವಣಿಗೆಯ ದಿನ ರೈಲ್ವೆ ಸ್ಟೇಷನ್ನಿನಿಂದ ನೀವೆಲ್ಲ ಬರಿಗೈಲಿ ನಡೆದಿರಿ. ಉಳಿದವರು ಕೈ ಬೀಸಿ ಹೋಗುತ್ತಿದ್ದರೆ, ಬೇವಿನ ಮರದ ಕೆಳಗೆ ನಿಂತಿದ್ದ ಮುದುಕಿಯೊಬ್ಬಳ ಮುಂದೆ ನೀನು ಎಡ ಕಂಕುಳು ಬಿಗಿದು, ಬಲಗೈಯನ್ನು ಬೆನ್ನ ಹಿಂದೆ ತಿರುಗಿಸಿ, ತಲೆ ತಗ್ಗಿಸಿ ಹೆಜ್ಜೆ ನಿಧಾನ ಮಾಡಿದೆ. ಜನ ನಕ್ಕರು. ಪಕ್ಕದವನು "ಯಾರಲಾ ಅವ್ನು?" ಎಂದು ಕೇಳಿದಾಗ ನಮ್ಮಣ್ಣ ಎನ್ನಲು ನನಗೆ ನಾಚಿಕೆಯಾಯಿತು. ಮುಖ ತಿರುಗಿಸಿದೆ. ಆಮೇಲೆ ನಿನಗೆ ಜ್ವರ ಬಂತು, ಮತ್ತೆ ಆ ಮಾತು ಎತ್ತಲು...

ಹೋದ ವಾರ ನಿನ್ನ ಜೊತೆ ಬರ್ಮಾದಲ್ಲಿದ್ದ ಇಸ್ಮಾಯಿಲ್ ಸಿಕ್ಕಿದ್ದ. ಈಗ ಇಲ್ಲೇ ಬಸ್ಸು ರಿಪೇರಿ ಮಾಡುತ್ತಾನೆ. ನಿನ್ನ ಆ ನಡಿಗೆಯ ಬಗ್ಗೆ ನಾನಾಗಿಯೇ ಕೇಳಿದೆ.

"ಸೋಕಿ ಅಲ್ಲ ಮೇಷ್ಟ್ರೇ. ಜೊತೇಲಿದ್ದೋನು ಸತ್ರೆ ಬಂದೂಕ ತಲೆಕೆಳಗು ಮಾಡಿ, ಕಂಕುಳಲ್ಲಿ ಇಟ್ಕೊಂಡು ಹಂಗೇ ನಡೀತೀವಿ. ಹೊಳಲಿನ ಪುಟ್ಟಸ್ವಾಮಿ ಸತ್ತಾಗ ಅದಕ್ಕೂ ಟೇಮ್ ಸಿಗ್ನಿಲ್ಲ. ಅವ್ರವ್ವನ ಮುಂದೆ ಒಂದ್ಸಲ ಮಾಡ್ಬೇಕು ಅಂತಿದ್ದ ನಿಮ್ಮಣ್ಣ."

ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಯಾಕೆ ಬೇಕು ಎಂದು ಅವತ್ತು ನಿನ್ನನ್ನು ಕೇಳಿದ್ದೆನೇ? ಅರ್ಧ ಗಂಟೆ ಮಾತಾಡಿದವನಿಗೆ ಒಂದು ಪ್ರಶ್ನೆಗೆ ಬಿಡುವಿರಲಿಲ್ಲ. ಅದು ನೋಯುತ್ತದೆ ಅಣ್ಣಯ್ಯ.

ಮೊನ್ನೆ ಈ ವರ್ಷದ ಮೆರವಣಿಗೆಯ ಸಭೆಯಲ್ಲಿ ಮತ್ತೆ ಬಂದೂಕಿನ ಮಾತು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಹೆಗಲ ಮೇಲೆ ಮೆರೆಸುವ ಬಂದೂಕು ಈಗಲೂ ಬೇಡ ಎಂದೆ. ಒಂದೇ ಒಂದು, ಗುಂಡಿಲ್ಲದ್ದು, ಇಸ್ಮಾಯಿಲನ ಕೈಗೆ ಕೊಡಿ ಎಂದೂ ಕೇಳಿಕೊಂಡೆ. ಒಪ್ಪಿದರು.

ನಿನ್ನೆ ಹೊಳಲಿಗೆ ಹೋಗಿ ಪುಟ್ಟಸ್ವಾಮಿಯ ತಾಯಿ ನಿಂಗಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತಲೇ ಕೇಳಿಸಿಕೊಂಡರು.

"ಓದ್ಸಲ ನಿಮ್ಮಣ್ಣನ ಕೈಯಾಗೆ ಏನೂ ಇರ್ನಿಲ್ಲ. ಆದ್ರೂ ನನ್ ಮಗುಂಗೇ ತಲೆ ಬಗ್ಗುಸ್ತಾವ್ನೆ ಅಂತ ಗೊತ್ತಾಯ್ತು ಕಣಪ್ಪ. ನನ್ ಮಗುಂದು ಆಗೋಯ್ತು. ಈಗ ತರೋ ಬಂದೂಕ ನಿಮ್ಮಣ್ಣಂಗಿರ್ಲಿ."

ಇಸ್ಮಾಯಿಲನಿಗೆ ಹಾಗೆಯೇ ಹೇಳಿದ್ದೇನೆ. ಈ ಸಲ ನಾನು ಸಭೆಯವರ ಸಾಲಿನಲ್ಲಿರುವುದಿಲ್ಲ. ಬೇವಿನ ಮರದ ಕೆಳಗೆ, ನಿಂಗಮ್ಮನ ಪಕ್ಕದಲ್ಲಿ ನಿಂತಿರುತ್ತೇನೆ. ಯಾರಿಗೆ ಇದು ಎಂದು ಯಾರಾದರೂ ಕೇಳಿದರೆ, ನಮ್ಮಣ್ಣನಿಗೆ ಎನ್ನುತ್ತೇನೆ.

ನಿನ್ನ ತಮ್ಮ,
ಮಾದ