ನಡುಕ ನುಂಗುತ್ತಿದ್ದ ಕರಿ ಡಬ್ಬ

ಹೊಳೆನರಸೀಪುರ
16-11-2025, ಭಾನುವಾರ

ಪ್ರೀತಿಯ ತಂಗಿ ಪ್ರತಿಭಾಳಿಗೆ,

ಹೇಗಿದ್ದೀಯವ್ವಾ? ಪುಟ್ಟರಾಜು ಭಾವನ ಮಂಡಿನೋವು ಇಳಿಯಿತೇ? ನಿಮ್ಮ ಅತ್ತೆ ದೊಡ್ಡತಾಯಮ್ಮನವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಅಕ್ಕಿಯೊಳಗಿನ ಕಲ್ಲೂ ಕಾಣುತ್ತದೆ ಎಂದೆಯಲ್ಲ, ಇನ್ನು ಸೊಸೆಯ ತಪ್ಪೂ ಕಾಣುತ್ತದೆ, ಹುಷಾರು. ಮೇಘಶ್ರೀಯ ಕೆಮ್ಮು ವಾಸಿಯಾಗಿರಬೇಕು. ಅರಕಲಗೂಡಿನಲ್ಲಿ ಬೆಳಗಿನ ಮಂಜು ಜೋರಂತೆ, ಕಿವಿಗೆ ಬಟ್ಟೆ ಕಟ್ಟಿಕೊಂಡು ಕಾಲೇಜಿಗೆ ಹೋಗಲು ಹೇಳು. ಇಲ್ಲಿ ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ನನಗೆ ಕಣ್ಣುರಿ, ಅಷ್ಟೇ. ಫೋನು ಇರುವಾಗ ಈ ಅಣ್ಣ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ನಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಯಾಕೆಂದರೆ ನಿನ್ನ ಚಿಕ್ಕಣ್ಣ ದೇವರಾಜುವಿಗೆ ಅದನ್ನು ಕಿವಿಗೆ ಹಿಡಿದು ನಿಲ್ಲಿಸಲು ಆಗುವುದಿಲ್ಲ. ನಾನು ಹೇಳಬೇಕಾದದ್ದು ಅವನಿಗೆ ಕೇಳಿಸಬಾರದು.

ಅವನ ಕೈ ನಡುಕ ನಿನಗೆ ಗೊತ್ತಿರುವುದೇ. ಜನರ ಆಸ್ತಿ ಪತ್ರ ಬರೆಯುವವನಿಗೆ ದೇವರು ಕಾಲಿಗೆ ಕೊಟ್ಟಿದ್ದರೂ ಆಗುತ್ತಿತ್ತು, ಕೈಗೇ ಕೊಟ್ಟ. ಆರು ವರ್ಷದ ಹಿಂದೆ ಅವನು ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಕೋಣೆಗೆ ಬೀಗ ಹಾಕಲು ಹೊರಟಾಗ ನಾನು ಆ ಸ್ಕ್ರಿಪ್ಟು ಬರೆದೆ. ಸ್ಕ್ರಿಪ್ಟು ಎಂದರೆ ಕಂಪ್ಯೂಟರು ತಾನಾಗಿ ಮಾಡಬೇಕಾದ ಕೆಲಸವನ್ನು ಒಂದೊಂದಾಗಿ ಬರೆದಿಡುವುದು. ಬಸ್ ಡಿಪೋದಲ್ಲಿ ಗೇರ್ ಬಾಕ್ಸ್ ಬಿಚ್ಚುತ್ತಿದ್ದ ನಾನು ಅರವತ್ತು ದಾಟಿದ ಮೇಲೆ ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತ ವಿದ್ಯೆ ಅದೊಂದೇ. ಅವನು ಕೀಲಿಮಣೆಯ ಮೇಲಿನ ಸಾಲಿನ ಒಂದು ಕೀಲಿ ಒತ್ತಿದರೆ ಕ್ರಯಪತ್ರದ ನಮೂನೆ ಬರುತ್ತಿತ್ತು, ಇನ್ನೊಂದು ಒತ್ತಿದರೆ ವಿಭಾಗಪತ್ರ. ಅದಕ್ಕಿಂತ ದೊಡ್ಡದೆಂದರೆ, ಬೆರಳು ನಡುಗಿ ಒಂದೇ ಅಕ್ಷರ ನಾಲ್ಕು ಸಲ ಬಿದ್ದರೆ ಸ್ಕ್ರಿಪ್ಟು ಮೂರನ್ನು ನುಂಗಿ ಒಂದನ್ನು ಮಾತ್ರ ಒಳಗೆ ಬಿಡುತ್ತಿತ್ತು. ಕಾಗದದ ಮೇಲೆ ಅವನ ನಡುಕ ಯಾರಿಗೂ ಕಾಣುತ್ತಿರಲಿಲ್ಲ. ಅದನ್ನು ಮಾಡುತ್ತಿದ್ದದ್ದು, ತಾಯಿ, ಗೌರಿ ಹಬ್ಬದಲ್ಲಿ ನಾವು ನಿನಗೆ ಕೊಟ್ಟ ಆ ಕರಿ ಡಬ್ಬ, ಅವನ ಹಳೆಯ ಕಂಪ್ಯೂಟರು.

ತಪ್ಪು ನನ್ನದು. ಫ್ಯಾನು ಗೊರಗೊರ ಎನ್ನುತ್ತದೆ, ಕರೆಂಟು ಹೋದರೆ ಅರ್ಧ ಬರೆದ ಪತ್ರವೂ ಹೋಗುತ್ತದೆ ಎಂದು ಹಾಸನಕ್ಕೆ ಹೋಗಿ ಹಗುರವಾದ ಹೊಸ ಲ್ಯಾಪ್‌ಟಾಪು ತಂದೆ. ನಮ್ಮ ಸ್ಕ್ರಿಪ್ಟು ಓಡುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವನು "ಎಲ್ಲಾ ಓಡ್ತದೆ ಸಾ, ತಗಂಡೋಗಿ" ಎಂದ. ಓಡುತ್ತದೆ ನಿಜ, ಕುಂಟಿಕೊಂಡು. ಅದರ ಪ್ರೊಸೆಸರಿನ ಜಾತಿಯೇ ಬೇರೆ. ಹಳೆಯ ಪ್ರೋಗ್ರಾಮುಗಳ ಮಾತನ್ನು ಅದಕ್ಕೆ ತಿಳಿಸಲು ಒಳಗೊಬ್ಬ ದುಭಾಷಿ ಇದ್ದಾನೆ. ಮೇಲುಮೇಲಿನ ಮಾತನ್ನೆಲ್ಲ ಅವನು ಹೇಳಿಕೊಡುತ್ತಾನೆ. ಆದರೆ ನಮ್ಮ ಕನ್ನಡ ಕೀಲಿಮಣೆಯ ತಂತ್ರಾಂಶ ಕೂರುವುದು ಬಹಳ ಆಳದಲ್ಲಿ, ಅಲ್ಲಿಗೆ ಅವನು ಇಳಿಯುವುದಿಲ್ಲ. ಹಾಗಾಗಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ, ನಡುಕವನ್ನಂತೂ ಯಾರೂ ನುಂಗುವುದಿಲ್ಲ. ಒಂದು ಗಾಡಿಯ ಗೇರು ಇನ್ನೊಂದಕ್ಕೆ ಕೂರುವುದಿಲ್ಲ ಎಂದು ಮೂವತ್ತೈದು ವರ್ಷ ಹುಡುಗರನ್ನು ಬೈದವನು ನಾನು. ಅಂಗಡಿಯಲ್ಲಿ ನಿಂತಾಗ ಅದು ಹೊಳೆಯಲಿಲ್ಲ ನೋಡು.

ಎರಡು ತಿಂಗಳು ಕೂತು ತಿದ್ದಿದೆ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೈಕೊಡುತ್ತದೆ. ಕೊನೆಗೆ ಯೂನಿಕೋಡ್ ಎನ್ನುವ ಹೊಸ ಬಗೆಯ ಕನ್ನಡ ಅಕ್ಷರಕ್ಕೆ ಎಲ್ಲವನ್ನೂ ಬದಲಿಸಿ, ನಡುಕಕ್ಕೂ ಏನೋ ಒಂದು ದಾರಿ ಮಾಡಿ, ಗೆದ್ದೆ ಎಂದುಕೊಂಡೆ. ಮೊದಲು ಬಂದದ್ದು ಬಾಗೂರಿನ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿಕೊಂಡಿರುವ ಚಲುವಯ್ಯನ ವಿಭಾಗಪತ್ರ. ದುಭಾಷಿ ನಿಧಾನ ಮಾಡಿದ, ಸ್ಕ್ರಿಪ್ಟು ಕಾಯದೆ ಮುಂದಕ್ಕೆ ಹೋಯಿತು, ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಇರಬೇಕಾದ ಹಳ್ಳ ಪಶ್ಚಿಮಕ್ಕೆ ಬಂದು ಕೂತಿತು. ರುಜು ಹಾಕುವ ಮುಂಚೆ ದೇವರಾಜು ಹಿಡಿದ, ಸದ್ಯ. ಅಣ್ಣತಮ್ಮಂದಿರು ನಾಳೆ ಕುಡಗೋಲು ಹಿಡಿದು ನಿಲ್ಲುವ ವಿಷಯ ಅದು. ಮೂವತ್ತೊಂದು ವರ್ಷದಲ್ಲಿ ಅವನ ಕೈಯಿಂದ ಒಂದು ಎಲ್ಲೆಯೂ ತಪ್ಪಿರಲಿಲ್ಲ. ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, "ಅಣ್ಣಯ್ಯ, ಈ ಮಿಷನ್ನು ನನ್ ಕೈಗಿಂತ ಜಾಸ್ತಿ ನಡುಗ್ತದೆ ಕಣಣ್ಣಯ್ಯ" ಎಂದ. ನಕ್ಕೇ ಹೇಳಿದ. ಚಲುವಯ್ಯ "ನಮ್ಮಪ್ಪನ ಪತ್ರ ಬರ್ದೋರು ನೀವೆಯಾ, ಇದೂ ನೀವೇ ಬರೀಬೇಕು" ಎಂದು ಎಷ್ಟು ಕೇಳಿಕೊಂಡರೂ ಬೇರೆಯವರ ಹತ್ತಿರ ಕಳಿಸಿದ.

ಅಂದಿನಿಂದ ಕೋಣೆ ತೆಗೆಯುತ್ತಾನೆ, ಗುಡಿಸುತ್ತಾನೆ, ಬೆಂಚಿನ ಮೇಲೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾನೆ, ಸಂಜೆ ಬೀಗ ಹಾಕುತ್ತಾನೆ. ಮುಂದಿನ ತಿಂಗಳು ಪತ್ರ ಬರೆಯುವ ಲೈಸೆನ್ಸಿನ ನವೀಕರಣ. ಅರ್ಜಿಯನ್ನು ಇನ್ನೂ ತುಂಬಿಲ್ಲ, ಕೇಳಿದರೆ "ಸಾಕು ಬುಡಣ್ಣಯ್ಯ" ಎನ್ನುತ್ತಾನೆ. ಹಳೆಯ ಜಾತಿಯದೇ ಬೇರೊಂದು ತರೋಣ ಎಂದರೆ, ಇನ್ನು ಯಾವ ಮಿಷನ್ನಿನ ಮುಂದೆಯೂ ಕೂರುವುದಿಲ್ಲ ಎನ್ನುತ್ತಾನೆ. ಆರು ವರ್ಷ ಅವನ ಕೈಯನ್ನು ಒಪ್ಪಿಕೊಂಡಿದ್ದು ಆ ಕರಿ ಡಬ್ಬವೊಂದೇ, ಅವನು ನಂಬುವುದೂ ಅದನ್ನೊಂದೇ. ಹಾಗೆಂದು ಅದನ್ನೇ ನಿನ್ನ ಹತ್ತಿರ ವಾಪಸ್ ಕೇಳೋಣವೇ ಎಂದು ಒಮ್ಮೆ ಬಾಯಿಬಿಟ್ಟೆ. ಅರಿಸಿನ ಕುಂಕುಮ ಇಟ್ಟು, ಮೊರದ ಬಾಗಿನದ ಜೊತೆ ಆಟೋದವರೆಗೂ ಅದನ್ನು ಹೊತ್ತು ತಂದವನು ಅವನೇ ಅಲ್ಲವೇ? ಹಾರಿಬಿದ್ದ: "ತವರಿನ ಬಾಗಿನ ವಾಪಸ್ ಕೇಳೋನು ಅಣ್ಣನಾ? ಇನ್ನೊಂದ್ಸಲ ಆ ಮಾತಾಡುದ್ರೆ ಕ್ವಾಣೆ ಬೀಗ ನಿನ್ ಕೈಗೇ ಕೊಟ್ಬುಡ್ತೀನಿ." ಅವನು ಹೇಳಿದ್ದು ಸರಿಯೇ. ಹೆಣ್ಣುಮಗಳಿಗೆ ಕೊಟ್ಟದ್ದನ್ನು ಕೇಳಿ ತರುವ ಮನೆ ನಮ್ಮದಲ್ಲ. ನಾನೂ ಕೇಳುತ್ತಿಲ್ಲ.

ದಣಿದಿದ್ದೇನೆ ಕಣವ್ವ. ಕೈ ಬೆರಳಿಗಿಂತ ಮನಸ್ಸು ಹೆಚ್ಚು ದಣಿದಿದೆ. ಭಾವನಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಮೇಘಶ್ರೀಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ ದೊಡ್ಡಣ್ಣ,
ತಮ್ಮಯ್ಯ

ಮರೆತಿದ್ದೆ: ಆ ಡಬ್ಬದ ಹಿಂದೆ ದಪ್ಪನೆಯ ಕಪ್ಪು ವಯರೊಂದಿದೆ. ಅದನ್ನು ಒಂಚೂರು ಸಡಿಲ ಮಾಡಿದರೆ ಎಷ್ಟು ಒತ್ತಿದರೂ ಮಿಷನ್ನು ಏಳುವುದಿಲ್ಲ. ಹಾಗೆ ಮಾಡಿ, ಮುಂದಿನ ಭಾನುವಾರ ಆಟೋದಲ್ಲಿ ಹಾಕಿಕೊಂಡು ಬಾ. "ಚಿಕ್ಕಣ್ಣ, ಕೆಟ್ಟೋಗದೆ, ಮಗೀಗೆ ಓದಾಕೆ ತೊಂದ್ರೆ" ಎನ್ನು. ಅವನ ಸ್ವಭಾವ ನಿನಗೆ ಗೊತ್ತಲ್ಲ, ನೀನು ಕೂರುವ ಮುಂಚೆಯೇ ಹೊಸ ಲ್ಯಾಪ್‌ಟಾಪನ್ನು ನಿನ್ನ ಮಡಿಲಿಗೆ ಹಾಕುತ್ತಾನೆ. ಬೇಡ ಎನ್ನಬೇಡ, ಮೇಘಶ್ರೀಯ ಓದಿಗೆ ಅದು ಚೆನ್ನಾಗೇ ಆಗುತ್ತದೆ. ಕೆಟ್ಟದ್ದು ನಮ್ಮಲ್ಲಿ ಉಳಿಯಲಿ, ನಾನು ರಿಪೇರಿ ಮಾಡುತ್ತೇನೆ. ಬರುವ ವಿಷಯವನ್ನು ಫೋನಿನಲ್ಲಿ ಹೇಳಬೇಡ, ನಿನಗೆ ಸುಳ್ಳು ಹೇಳುವಾಗ ನಗು ಬರುತ್ತದೆ. ಒಂದು ಕಾರ್ಡು ಬರೆ, ನನಗಲ್ಲ, ಅವನ ಹೆಸರಿಗೆ. ಅವನೇ ಗಟ್ಟಿಯಾಗಿ ಓದಲಿ, ನಾನು ಗೊತ್ತಿಲ್ಲದವನ ಹಾಗೆ ಕೇಳಿಸಿಕೊಳ್ಳುತ್ತೇನೆ. ಬೇಗ ಬರೆಯವ್ವಾ.