ಬಲಗಾಲಿನ ಐದು ಮಿಲಿಮೀಟರ್

ನವೆಂಬರ್ 9, ಭಾನುವಾರ, ಬೆಳಗ್ಗೆ 8.10

ಬೆಳವಣಕಿವರೆಗೆ ಹೋಗಿ ಬಂದೆ. ರಸ್ತೆ ಖಾಲಿ. ಕಡಲೆ ಹೊಲದ ಮೇಲೆ ಇಬ್ಬನಿ. ಹದಿನೈದು ಕಿಲೋಮೀಟರ್ ಆದ ಮೇಲೆ ಬಲಗಾಲಿನ ಬೆರಳು ಜೋಮು — ಎಂದಿನಂತೆ. ಪೆಡಲ್ ಮೇಲೆ ಪಾದ ಜಾರುವುದು, ನಾನು ಮತ್ತೆ ಸರಿಸಿಕೊಳ್ಳುವುದು. ಇದೇ ಕೆಲಸ.

ಬಸ್ ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸು ನಿಂತಿತ್ತು. ಕಂಡಕ್ಟರ್ ನಾಜಮೀನ ಕೈ ಮಾಡಿ ಕರೆದಳು. ಸೈಕ್ಲಿಂಗ್ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ರೂಮು ನಮ್ಮದು. 2003ರ ರಾಜ್ಯಮಟ್ಟದ ರೇಸಿನಲ್ಲಿ ಅವಳ ಸೈಕಲ್ ತಾಗಿ ಬಿದ್ದೆ. ತೊಡೆಯ ಮೂಳೆ ಮುರಿಯಿತು. ಕೂಡಿದ ಮೇಲೆ ಬಲಗಾಲು ಒಂಬತ್ತು ಮಿಲಿಮೀಟರ್ ಗಿಡ್ಡ. ಆ ರೇಸು ಅವಳು ಗೆದ್ದಳು. ಆಮೇಲೆ ನಾನು ರೋಣದ ಹೈಸ್ಕೂಲಿನಲ್ಲಿ ಪಿ.ಇ. ಟೀಚರ್, ಅವಳು ಕಂಡಕ್ಟರ್. ಹೋದ ವರ್ಷದಿಂದ ಇಬ್ಬರೂ ಮತ್ತೆ ತುಳಿಯತೊಡಗಿದ್ದೇವೆ — ನಾನು ಸೆಕೆಂಡ್ ಹ್ಯಾಂಡ್ ರೇಸಿಂಗ್ ಸೈಕಲ್ಲಿನಲ್ಲಿ.

ಜನವರಿ 11ಕ್ಕೆ ರೋಣದಿಂದ ಗಜೇಂದ್ರಗಡಕ್ಕೆ ರೇಸಂತೆ. ನಲವತ್ತು ದಾಟಿದ ಹೆಣ್ಣುಮಕ್ಕಳಿಗೆ ಬೇರೆ ವಿಭಾಗ. ನಾಜಮೀನ ಹೆಸರು ಕೊಟ್ಟಾಗಿದೆ. ನನ್ನದೂ, ನನ್ನನ್ನು ಕೇಳದೆ. ಒಂದು ಚೀಲ ಕೊಟ್ಟಳು. ಅವಳ ಹಳೆಯ ಕ್ಲಿಪ್ ಪೆಡಲ್, ಅದರ ಶೂ. ಇಬ್ಬರದೂ ಆರು ನಂಬರ್ ಕಾಲು.

ನವೆಂಬರ್ 11

ಪೆಡಲ್ ಕೂರಿಸಿದೆ. ಹಾಸ್ಟೆಲಿನಲ್ಲಿ ನಮಗೆ ಇದ್ದದ್ದು ಪಟ್ಟಿ ಬಿಗಿಯುವ ಪೆಡಲ್, ಇದು ಬೇರೆ. ಶೂ ತಳದಲ್ಲಿ ಒಂದು ಬಿಲ್ಲೆ — ಕ್ಲೀಟ್. ಮೂತಿ ತೂರಿಸಿ ಒತ್ತಿದರೆ ಟಕ್ ಎಂದು ಪೆಡಲನ್ನು ಕಚ್ಚುತ್ತದೆ. ಹಿಮ್ಮಡಿ ಹೊರಗೆ ತಿರುಗಿಸಿದರೆ ಬಿಡುತ್ತದೆ. ಕಾಂಪೌಂಡ್ ಗೋಡೆ ಹಿಡಿದು ಐವತ್ತು ಸಲ ಹಾಕಿದೆ, ತೆಗೆದೆ. ಅತ್ತೆ ಕಲ್ಲವ್ವ ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತ ನೋಡುತ್ತಿದ್ದರು.

"ಎತ್ತಿಗೆ ನೊಗಾ ನಾವು ಕಟ್ತೀವಿ. ಎತ್ತು ತಾನ ಕಟ್ಕೊಳ್ಳೂದು ಇವತ್ತ ನೋಡಿದ್ನಿ ನೋಡವಾ," ಎಂದರು.

ನವೆಂಬರ್ 14

ಬಿದ್ದೆ. ಶಾಲೆಯ ಗೇಟಿನ ಮುಂದೆಯೇ. ಕುರಿ ಹಿಂಡು ಅಡ್ಡ ಬಂತು, ಬ್ರೇಕ್ ಹಿಡಿದೆ, ಸೈಕಲ್ ನಿಂತಿತು, ಕಾಲು ಬಿಡಿಸಬೇಕೆಂಬುದು ಮಾತ್ರ ಮರೆತಿತ್ತು. ಎಷ್ಟು ನಿಧಾನವಾಗಿ ಬಿದ್ದೆನೆಂದರೆ ಬೀಳುತ್ತಿದ್ದೇನೆ ಎಂದು ಯೋಚಿಸಲು ಸಮಯ ಸಿಕ್ಕಿತು. ಒಂಬತ್ತನೇ ಕ್ಲಾಸಿನವರು ಸಾಲಾಗಿ ನಿಂತಿದ್ದರು. ಯಾರೂ ನಗಲಿಲ್ಲ. ಅದೇ ದೊಡ್ಡ ಕಷ್ಟ. ನಾನೇ ನಕ್ಕೆ, ಆಮೇಲೆ ಇಡೀ ಸಾಲು.

ಮೊಣಕೈ ತರಚಿದೆ. ಮೂರು ಸಲ ಬೀಳದೆ ಯಾರೂ ಕಲಿತಿಲ್ಲ ಎಂದು ನಾಜಮೀನ ಫೋನಿನಲ್ಲಿ ಹೇಳಿದಳು. ಸ್ಪ್ರಿಂಗಿನ ಸ್ಕ್ರೂ ಸ್ವಲ್ಪ ಸಡಿಲಿಸಬೇಕಂತೆ. ಸಡಿಲಿಸಿದೆ. ಇನ್ನೆರಡು ಸಲ ಬೀಳುವುದು ಬಾಕಿ.

ನವೆಂಬರ್ 30, ಭಾನುವಾರ

ಯಾವಗಲ್‌ವರೆಗೆ. ಮೊದಲ ಅರ್ಧ ತಾಸು ಸ್ವರ್ಗ — ತಗ್ಗು ಬಂದರೂ ಪಾದ ಹಾರುವುದಿಲ್ಲ, ಕಾಲು ಸುಮ್ಮನೆ ಗುಂಡಗೆ ತಿರುಗುತ್ತದೆ. ಆಮೇಲೆ ಬಲ ಮಂಡಿ. ಒಳಗೆ ಸೂಜಿ ಚುಚ್ಚಿದಂತೆ. ಕಾರಣ ಗೊತ್ತು. ಸಾದಾ ಪೆಡಲಿನ ಮೇಲೆ ಪಾದ ಅತ್ತಿತ್ತ ಸರಿದು ಗಿಡ್ಡತನವನ್ನು ಮುಚ್ಚಿಡುತ್ತಿತ್ತು. ಇಲ್ಲಿ ಪಾದಕ್ಕೆ ಒಂದೇ ಜಾಗ. ಸೊಂಟ ಬಲಕ್ಕೆ ವಾಲುತ್ತದೆ, ಶಿಕ್ಷೆ ಮಂಡಿಗೆ.

ನಾಜಮೀನ ನರಗುಂದದ ಕಡೆಯಿಂದ ಸೈಕಲ್ ಮೇಲೆ ಬಂದಿದ್ದಳು. ಚಹಾ ಅಂಗಡಿಯಲ್ಲಿ ಕೂತೆವು. ಪೆಡಲ್ ವಾಪಸ್ ಕೊಡುತ್ತೇನೆ, ಈ ಕಾಲಿಗೆ ರೇಸು ಆಗದು ಎಂದೆ. ಅವಳು ಗ್ಲಾಸು ಕೆಳಗಿಟ್ಟಳು. ಆಮೇಲೆ —

"ಅವತ್ತ ರೇಸಿನ್ಯಾಗ ನಾ ಎಡಕ್ಕ ಸರದದ್ದು ಕೈ ತಪ್ಪಿ ಅಲ್ಲ. ನೀ ಬಾಜೂಕ ಬಂದಿದ್ದು ನನಗ ಗೊತ್ತಿತ್ತು. ಹೆದರಿ ಹಿಂದ ಸರೀತಿ ಅನ್ಕೊಂಡಿದ್ದೆ. ನೀ ಸರೀಲಿಲ್ಲ."

ಚಹಾ ಬಿಟ್ಟು ಎದ್ದು ಬಂದೆ. ಇಪ್ಪತ್ತೆರಡು ವರ್ಷ. ದವಾಖಾನೆಯಲ್ಲಿ ಹದಿನೆಂಟು ದಿನ ನನ್ನ ತಲೆ ಬಾಚಿದವಳು ಇವಳೇ.

ಡಿಸೆಂಬರ್ 13

ಇಷ್ಟು ದಿನ ಏನೂ ಬರೆದಿಲ್ಲ. ಸೈಕಲ್ ಮುಟ್ಟಿಲ್ಲ. ಅವಳ ಫೋನ್ ಎತ್ತಿಲ್ಲ.

ಇವತ್ತು ಚಪ್ಪಲಿಯ ಉಂಗುಟ ಕಿತ್ತಿತು. ಮಾರ್ಕೆಟ್ಟಿನಲ್ಲಿ ಚಪ್ಪಲಿ ಹೊಲಿಯುವ ಜಮಾಲಸಾಬರ ಹತ್ತಿರ ಹೋದೆ. ಹೊಲಿದು, ಎರಡನ್ನೂ ಮಗುಚಿ ಹಿಡಿದು ತೋರಿಸಿದರು.

"ಅಕ್ಕಾರ, ಹತ್ತ ವರ್ಷ ಆತು ನೋಡಾಕತ್ತೇನ್ರಿ. ನಿಮ್ಮ ಬಲಗಾಲಿಂದು ತುದಿ ಸವೀತೈತಿ, ಎಡಗಾಲಿಂದು ಹಿಮ್ಮಡ. ಹೇಳ್ಲೋ ಬ್ಯಾಡೋ ಅಂತ ಸುಮ್ಮನಿದ್ನಿ."

ಏನೋ ಆಯಿತು ನನಗೆ. ಅಲ್ಲೇ ಕೂತು ಎಲ್ಲ ಹೇಳಿಬಿಟ್ಟೆ. ಕಾಲು, ಪೆಡಲು, ಮಂಡಿ. ನಾಜಮೀನಳ ವಿಷಯ ಬಿಟ್ಟು. ಶೂ ತಗೊಂಡು ಬನ್ನಿ ಎಂದರು. ಸೈಕಲ್ಲನ್ನೂ.

ಡಿಸೆಂಬರ್ 16

ಅಂಗಡಿಯ ಕಂಬ ಹಿಡಿದು ಸೈಕಲ್ ಮೇಲೆ ಕೂತೆ. ಜಮಾಲಸಾಬರು ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸೊಂಟದ ಮಟ್ಟ ನೋಡಿದರು. ಬಲ ಶೂಗೂ ಕ್ಲೀಟಿಗೂ ನಡುವೆ ಮೊದಲು ಟಯರ್ ತುಂಡು — ಒತ್ತಿದರೆ ಕುಗ್ಗುತ್ತದೆ, ಬೇಡ. ಆಮೇಲೆ ಗಟ್ಟಿ ನೈಲಾನ್ ಹಾಳೆ. ಮೂರು ಮಿಲಿಮೀಟರ್, ನಾಲ್ಕು... ಐದಕ್ಕೆ "ಸಮಾ ಆತ್ರಿ" ಎಂದರು. ಪೂರ್ತಿ ಒಂಬತ್ತು ಬೇಕಿಲ್ಲವಂತೆ, ಉಳಿದದ್ದನ್ನು ಇಷ್ಟು ವರ್ಷದಲ್ಲಿ ಮೈ ತಾನೇ ಹೊಂದಿಸಿಕೊಂಡಿದೆ. ಜೋಮಿನ ವಿಷಯ ಹೇಳಿದಾಗ ಎರಡೂ ಕ್ಲೀಟನ್ನು ತುಸು ಹಿಂದಕ್ಕೆ ಸರಿಸಿದರು. ಭಾರ ಬೆರಳಿನ ಬುಡ ಬಿಟ್ಟು ಪಾದದ ಅಗಲಕ್ಕೆ ಬಂತು.

ಇದುವರೆಗೆ ರೇಸಿಂಗ್ ಸೈಕಲ್ ಶೂ ಅವರು ಮುಟ್ಟಿಯೇ ಇರಲಿಲ್ಲ!

ಡಿಸೆಂಬರ್ 21, ಭಾನುವಾರ, ಬೆಳಗ್ಗೆ 9

ನಲವತ್ತು ಕಿಲೋಮೀಟರ್. ಜೋಮಿಲ್ಲ. ಮಂಡಿ ಇದೆಯೆಂಬುದೇ ಮರೆತುಹೋಗಿತ್ತು. ಜೋಳದ ಹೊಲಗಳ ನಡುವೆ ಒಬ್ಬಳೇ ಜೋರಾಗಿ ಹಾಡಿದೆ. ಹತ್ತಿ ಹೇರಿಕೊಂಡು ಹೊರಟ ಟ್ರ್ಯಾಕ್ಟರಿನವನು ಇಂಜಿನ್ ನಿಧಾನ ಮಾಡಿ ಹಾಡು ಕೇಳಿದ.

ಇದೇ ದಾರಿಗೆ ಹೋದ ತಿಂಗಳಿಗಿಂತ ಆರು ನಿಮಿಷ ಬೇಗ. ಪೆಡಲ್ ಮ್ಯಾಜಿಕ್ ಎಂದು ನಂಬುವವಳಲ್ಲ. ಕಾಲನ್ನು ಮೇಲಕ್ಕೆ ಎಳೆದು ಹೆಚ್ಚು ಬಲ ಬರುತ್ತದೆ ಎನ್ನುತ್ತಾರೆ, ನನಗೇನೂ ಹಾಗನಿಸಲಿಲ್ಲ. ಆದರೆ ಕಾಲಿನ ಬಗ್ಗೆ ಯೋಚಿಸದೆ ಇದ್ದದ್ದು ಎರಡು ದಶಕದಲ್ಲಿ ಇದೇ ಮೊದಲು. ಆ ಆರು ನಿಮಿಷ ಅಲ್ಲಿಂದಲೇ ಬಂದದ್ದು.

ಮನೆಗೆ ಬಂದು ನಾಜಮೀನಳಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಯಾವಗಲ್‌ಗೆ ಬಾ, ಪ್ರ್ಯಾಕ್ಟೀಸ್ ಇದೆ ಎಂದೆ. ಅಷ್ಟೇ.

ಡಿಸೆಂಬರ್ 28

ಬಂದಳು. ಎದುರುಗಾಳಿ. ನಾನು ಮುಂದೆ, ಅವಳು ಎರಡು ಬಂಡಿ ಅಂತರ ಬಿಟ್ಟು ಹಿಂದೆ. ಹತ್ತಿರ ಬಂದರೆ ಗಾಳಿ ತಾಗದು, ಅವಳಿಗೂ ಗೊತ್ತು. ಬರಲಿಲ್ಲ. ಐದಾರು ಕಿಲೋಮೀಟರ್ ಹೀಗೇ. ಕೊನೆಗೆ ತಿರುಗಿ ಹೇಳಿದೆ:

"ಹತ್ತರ ಬಾರಲೇ. ನಾ ಸರಿಯಂಗಿಲ್ಲ, ನೀನೂ ಸರೀಬ್ಯಾಡ."

ನನ್ನ ಹಿಂದಿನ ಗಾಲಿಗೆ ಒಂದು ಗೇಣು ದೂರದಲ್ಲಿ ಅವಳ ಮುಂದಿನ ಗಾಲಿ ಬಂತು. ಆಮೇಲೆ ಅವಳು ಮುಂದೆ, ನಾನು ಒಂದು ಗೇಣು ಹಿಂದೆ. ಮೊದಲ ಸಲ ನನ್ನ ಬೆರಳು ಬ್ರೇಕ್ ಮೇಲೇ ಇತ್ತು. ಎರಡನೇ ಸಲ ಇಲ್ಲ. ರೋಣ ಮುಟ್ಟುವಷ್ಟರಲ್ಲಿ ಇಬ್ಬರೂ ಹಾಸ್ಟೆಲಿನ ಅಡುಗೆಯವಳನ್ನು ಬೈಯುತ್ತಿದ್ದೆವು.

ಜನವರಿ 11, ಸಂಜೆ 4, ಗಜೇಂದ್ರಗಡ

ಹೋಟೆಲಿನ ಟೇಬಲ್ ಮೇಲೆ ಬರೆಯುತ್ತಿದ್ದೇನೆ.

ನಮ್ಮ ವಿಭಾಗದಲ್ಲಿ ಏಳು ಜನ. ವಿಜಯಪುರದ ಒಬ್ಬಾಕೆ ಮೊದಲೇ ಹಾರಿಹೋದಳು, ಅವಳದೇ ಚಿನ್ನ. ಅವಳ ಹಿಂದೆ ನಾವಿಬ್ಬರೇ. ಗುಡ್ಡದ ಏರು ಬಂತು. ಮೇಲೆ ಗಾಳಿಯಂತ್ರಗಳು, ಮುಗಿಯುವ ಗೆರೆ ಕಾಣುತ್ತಿದೆ, ರಸ್ತೆ ಎದ್ದು ನಿಂತಂತಿದೆ. ನಾಜಮೀನ ಒಂದು ಸೈಕಲ್ ಮುಂದೆ. ಸೀಟಿನಿಂದ ಎದ್ದು ತುಳಿದೆ. ಎರಡೂ ಕಾಲು ಸಮ. ಅವಳ ಎಡಗಡೆ ಜಾಗವಿತ್ತು. ಅಲ್ಲೇ ನುಗ್ಗಿದೆ.

ಅವಳು ಒಮ್ಮೆ ಓರೆಗಣ್ಣಿನಿಂದ ನೋಡಿದಳು. ಹ್ಯಾಂಡಲ್ ಅಲುಗಲಿಲ್ಲ. ದಾರ ಹಿಡಿದಂತೆ ನೆಟ್ಟಗೆ ಹೋದಳು, ಬಾಯಿ ತೆರೆದು ಏದುಸಿರು ಬಿಡುತ್ತ, ಪೂರ್ತಿ ಬಲ ಹಾಕಿ. ಭುಜಕ್ಕೆ ಭುಜ. ಗೆರೆಯಲ್ಲಿ ನನ್ನ ಗಾಲಿ ಅರ್ಧ ಮುಂದೆ. ಬೆಳ್ಳಿ ನನಗೆ, ಕಂಚು ಅವಳಿಗೆ.

ಬಿಟ್ಟುಕೊಟ್ಟೆಯಾ ಎಂದು ಕೇಳಿದೆ. ರಸ್ತೆಯ ಮೇಲೆ ಅಂಗಾತ ಬಿದ್ದಿದ್ದಳು.

"ಬಿಟ್ಟುಕೊಡೂದಾಗಿದ್ರ ನನ್ನ ಎದಿ ಹಿಂಗ್ಯಾಕ ಬಡೀತಿತ್ತು? ಕೈ ಇಟ್ಟು ನೋಡು."

ಇಟ್ಟು ನೋಡಿದೆ. ಖರೇ.

ಜನವರಿ 18, ಭಾನುವಾರ, ಬೆಳಗ್ಗೆ 5.30

ಚಳಿ. ಅತ್ತೆ ಎದ್ದು ಚಹಾಕ್ಕಿಟ್ಟಿದ್ದಾರೆ. ನಿನ್ನೆ ರಾಜ್ಯಮಟ್ಟದ ಕಾಗದ ಬಂತು, ಫೆಬ್ರವರಿ 22ಕ್ಕೆ, ಜೋಡಿ ರೇಸು, ಇಬ್ಬರೂ ಒಂದೇ ಟೀಮು. ನಾಜಮೀನ ನಿನ್ನೆ ಕೊನೆಯ ಬಸ್ಸಿಗೆ ಸೈಕಲ್ ಸಮೇತ ಬಂದು ಇಲ್ಲೇ ಮಲಗಿದ್ದಳು. ಈಗ ಹೊರಗೆ ಗಾಲಿಗೆ ಗಾಳಿ ಹೊಡೆಯುತ್ತಿದ್ದಾಳೆ, ಲಗೂ ಬಾ ಎನ್ನುತ್ತಿದ್ದಾಳೆ. ಇವತ್ತು ಗಜೇಂದ್ರಗಡದ ಏರು ಎರಡು ಸಲ, ಆಮೇಲೆ — ಮತ್ತೆ ಕರೆದಳು, ಉಳಿದದ್ದು ಸಂಜೆ.