ಎರಡು ಮನೆಯ ಒಂದು ಗೋಡೆ

ಹುಬ್ಬತಲೈ
17 ನವೆಂಬರ್ 2024

ಜನನಿಯ ಅಪ್ಪನಿಗೆ, ಕಲಾ ಮಾಡುವ ನಮಸ್ಕಾರ.

ಅವಲಾಂಚ್ ಬೆಟ್ಟದಲ್ಲಿ ಚಳಿ ಹೇಗಿದೆ? ಕೆಮ್ಮು ಇಳಿಯಿತೇ? ನಿಮ್ಮ ಕರೆಂಟ್ ಆಫೀಸಿನ ಕ್ಯಾಂಪಿನಲ್ಲಿ ಫೋನಿಗೆ ಟವರ್ ಸಿಗುವುದಿಲ್ಲವೆಂದು ನಿಮಗೆ ನೆಮ್ಮದಿ, ನನಗೆ ಈ ಕಾಗದ ಬರೆಯುವ ಕೆಲಸ. ಜೀಪಿನ ಗಿರೀಶನ ಕೈಯಲ್ಲಿ ಕರಿದ ಎಣ್ಣೆಹಿಟ್ಟೂ ಕಳಿಸುತ್ತಿದ್ದೇನೆ, ಅವನಿಗೂ ಎರಡು ಕೊಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಅಡುಗೆಮನೆಯ ಗೋಡೆಯೊಂದನ್ನು ಬಿಟ್ಟು.

ಅದು ಮಳೆಗೆ ಬಿದ್ದಾಗ, ಇನ್ಶೂರೆನ್ಸ್ ಇದೆಯಲ್ಲ, ಹೆದರಬೇಡ ಎಂದು ಹೇಳಿ ಕಳಿಸಿದಿರಿ. ಹೆದರಲಿಲ್ಲ, ಅಲೆದೆ. ಮನೆ ತೆರಿಗೆ ರಸೀದಿ ಕೊಟ್ಟರೆ ಪಟ್ಟಾ ಎಲ್ಲಿ ಅಂದರು. ಪಟ್ಟಾ ಕೊಟ್ಟರೆ ಗ್ರಾಮದ ಅಧಿಕಾರಿ ವಿ.ಎ.ಓ. ಅವರ ಸರ್ಟಿಫಿಕೇಟ್ ಎಲ್ಲಿ ಅಂದರು. ನಾನು ಹೋದಾಗಲೆಲ್ಲ ವಿ.ಎ.ಓ. ಕೂನೂರಿನಲ್ಲಿ ಮೀಟಿಂಗ್. ಆಮೇಲೆ, ಬೀಳುವ ಮೊದಲಿನ ಗೋಡೆಯ ಫೋಟೋ ಬೇಕಂತೆ. ಹೊಗೆ ಹಿಡಿದ ಗೋಡೆಯನ್ನು ನಿಲ್ಲಿಸಿ ಯಾರು ಫೋಟೋ ತೆಗೆಯುತ್ತಾರೆ? ಕಡೆಗೆ ಜನನಿಯ ಹುಟ್ಟುಹಬ್ಬದ ಫೋಟೋದಲ್ಲಿ ಕೇಕಿನ ಹಿಂದೆ ಒಂದು ಚೂರು ಗೋಡೆ ಸಿಕ್ಕಿತು. ನಾನು ಹೀಗೆ ಅಲೆಯುತ್ತಿದ್ದರೆ ತೋಟದಲ್ಲಿ ಟೀ ಎಲೆ ಬಲಿತು ನಿಂತಿದೆ.

ಅಂತೂ ಇನ್ಶೂರೆನ್ಸ್‌ನ ಸರ್ವೇಯರ್ ಬಂದರು. ಈ ಗೋಡೆ ಯಾರದು ಎಂದು ಕೇಳಿದರು. ಸಾಲುಮನೆಯಲ್ಲಿ ನಮ್ಮ ಗೋಡೆಯೇ ಪಕ್ಕದವರ ಗೋಡೆ, ಅಜ್ಜನ ಕಾಲದಿಂದ ಹೀಗೇ ಎಂದೆ. ಅದು ಅವರ ಫಾರಂಗೆ ಹಿಡಿಸಲಿಲ್ಲ. ಗೋಡೆ ನಮ್ಮೊಬ್ಬರದೇ ಎಂದು ಪಕ್ಕದ ಮನೆಯವರು ಬರೆದು ಕೊಡಬೇಕು, ಇಲ್ಲವೇ ಇಬ್ಬರದೂ ಎಂದು ಎರಡೂ ಮನೆಯವರು ಒಟ್ಟಿಗೆ ಸಹಿ ಹಾಕಬೇಕು. ಅದಿಲ್ಲದಿದ್ದರೆ ಪರಿಹಾರವಿಲ್ಲ. ಪಕ್ಕದ ಮನೆಯವರು ಎಂದರೆ ನಿಮ್ಮ ಅಣ್ಣ! ತೋಟದ ದಾರಿಯ ಜಗಳದಲ್ಲಿ ಮುಖ ತಿರುಗಿಸಿಕೊಂಡವರು ನೀವಿಬ್ಬರು, ಸಹಿಗಾಗಿ ಬಾಗಿಲಲ್ಲಿ ನಿಲ್ಲಬೇಕಾದವಳು ನಾನು. ನನಗೆ ಸಿಟ್ಟು ಬಂದಿದೆ. ಸರ್ವೇಯರ್ ಮೇಲಿನದಕ್ಕಿಂತ ನಿಮ್ಮ ಮೇಲೆಯೇ ಹೆಚ್ಚು.

ನಮ್ಮೊಬ್ಬರದೇ ಎಂದು ಬರೆಸಿಕೊಂಡು ಹೋದೆ. ಹಾಲನ್ ಭಾವ ಬೈಯಲಿಲ್ಲ. ಓದಿ, ಮಡಿಚಿ, ಹಿಂದಕ್ಕೆ ಕೊಟ್ಟರು. "ಅವನ ಗೋಡೆ ಎಂದರೆ, ಎನ್ನ ಮನೆಗ ಮೂರೇ ಗೋಡೆಯಾ?" ಎಂದರು. ಈಗ ಗೋಡೆಯ ಜಾಗದಲ್ಲಿ ಟಾರ್ಪಾಲಿನ್ ಕಟ್ಟಿದ್ದೇವೆ. ಗಾಳಿಗೆ ಅದು ಎದ್ದಾಗಲೆಲ್ಲ ಭಾವನ ಮನೆಯ ಅಕ್ಕನ ಒಲೆ ಕಾಣುತ್ತದೆ, ಅವಳಿಗೆ ನನ್ನದು. ಜನನಿ ಅದರ ಅಡಿಯಲ್ಲಿ ನುಸುಳಿ ದೊಡ್ಡಮ್ಮನ ಕೈಯಲ್ಲಿ ಉಂಡು ಬರುತ್ತಾಳೆ. ನಾನು ತಡೆಯುವುದಿಲ್ಲ.

ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ಹೆತ್ತೆಯಮ್ಮ ಕಾಯಲಿ.

ನಿಮ್ಮ
ಕಲಾ

ಗಿರೀಶ ಹಾರ್ನ್ ಹೊಡೆಯುತ್ತಿದ್ದಾನೆ, ಇದೊಂದು ಬರೆದುಬಿಡುತ್ತೇನೆ. ಈಗಷ್ಟೇ ಭಾವ ಟಾರ್ಪಾಲಿನ್ ಆಚೆಯಿಂದ ಹೇಳಿದರು, ಗೋಡೆ ಇಬ್ಬರದೂ ಎಂದು ಬರೆದರೆ ಸಹಿ ಹಾಕುತ್ತಾರಂತೆ. ಆದರೆ ತಮ್ಮನೇ ಬಂದು, ಅಣ್ಣ ಎಂದು ಕರೆದು ಕೇಳಬೇಕಂತೆ. ಸಹಿಯ ಕಾಗದ ಕೊಡಲು ಶುಕ್ರವಾರ ಕಡೆಯ ದಿನ. ಉಳಿದದ್ದಕ್ಕೆಲ್ಲ ಜೆರಾಕ್ಸ್ ಸಾಕು. ನೀವು ಮಾತ್ರ ಒರಿಜಿನಲ್ಲೇ ಬನ್ನಿ.